ಕಂಡಕ್ಟರ್ ಕಾಕಾನ ನಲವತ್ತೆರಡು ದನಿ

ನಬಿಲಾಲನ ಆಟೋದ ಹಿಂದಿನ ಸೀಟಿನಲ್ಲಿ ಲ್ಯಾಪ್‌ಟಾಪಿನ ಚೀಲವನ್ನು ತೊಡೆಯ ಮೇಲಿಟ್ಟುಕೊಂಡು ಕೂತಿದ್ದ ನಸ್ರೀನಳಿಗೆ ಚೀಲ ಬಿಸಿಯಾಗಿದೆ ಅನ್ನಿಸುತ್ತಲೇ ಇತ್ತು. ಮಷೀನು ಆರಿಸಿಯೇ ಇಟ್ಟಿದ್ದಳು. ಬಾಗೇವಾಡಿ ಬಿಡುವ ಮೊದಲು ಎರಡು ಸಲ ತೆರೆದು ನೋಡಿ, ಆರಿದೆ ಎಂದು ಖಾತ್ರಿ ಮಾಡಿಕೊಂಡು ಜಿಪ್ಪು ಎಳೆದಿದ್ದಳು. ಆದರೂ ಬಿಸಿ. ಒಳಗೆ ಒಬ್ಬರ ಹೆಸರಿನಲ್ಲಿ ಇನ್ನೊಬ್ಬನ ಗಂಟಲು ಕೂತಿದೆ, ಆ ಗಂಟಲಿನ ಮಾಲೀಕ ಮುಂದೆ ಹ್ಯಾಂಡಲ್ ಹಿಡಿದು ಸೀಟಿ ಹೊಡೆಯುತ್ತಿದ್ದಾನೆ, ಇನ್ನು ಅರ್ಧ ತಾಸಿನಲ್ಲಿ ಇಂಗಳೇಶ್ವರ ಬರುತ್ತದೆ. ಬರದೆ ಇರಲಿ ಎಂದು ಒಂದು ಮನಸ್ಸು, ಬಂದು ಮುಗಿದು ಹೋಗಲಿ ಎಂದು ಇನ್ನೊಂದು. ರಸ್ತೆಯ ಎರಡೂ ಕಡೆ ತೊಗರಿ ಕೊಯ್ದ ಹೊಲಗಳಲ್ಲಿ ಕೂಳೆ ನಿಂತಿತ್ತು. ಅವನ್ನು ಅವಳು ಸುಮ್ಮನೆ ಎಣಿಸತೊಡಗಿದಳು, ಎಣಿಕೆ ನಲವತ್ತೆರಡು ಮುಟ್ಟುವ ಮೊದಲೇ ಬಿಟ್ಟಳು.

"ಭಾಬಿ, ನನ್ನ ಹೆಸರ ಮಾತ್ರ ಹೇಳಬ್ಯಾಡ್ರಿ ಮತ್ತ," ಎಂದ ನಬಿಲಾಲ ಕನ್ನಡಿಯಲ್ಲಿ ನೋಡುತ್ತ. "ಕಾಕಾಗ ತನ್ನ ದನಿ ಅಂತನ ಅನಸ್ಬೇಕು. ಸ್ಟ್ಯಾಂಡಿನ್ಯಾಗ ನಾ ಕೂಗಿದ್ರ ಹಳೇ ಡ್ರೈವರ್‌ಗೋಳು ಸೈತ ತಿರುಗಿ ನೋಡ್ತಾರ, ಬಸಂತರಾಯ ಬಂದಾನೇನೋ ಅಂತ."

"ನೀ ಮುಂದ ನೋಡಿ ಹೊಡಿ."

"ಮುಂದ ನೋಡೇ ಹೊಡಿಯಾಕತ್ತೇನ್ರಿ. ನೀವ್ಯಾಕ ಹಿಂಗ ಮುಖಾ ಮಾಡೀರಿ? ಪುಣ್ಯೇದ ಕೆಲಸ ಇದು."

ಪುಣ್ಯ. ಅವಳ ಗಂಡ ಸರ್ಫರಾಜನೂ ಇದೇ ಮಾತು ಹೇಳಿದ್ದ, ಝೆರಾಕ್ಸ್ ಮಷೀನಿಗೆ ಹಾಳೆ ತುಂಬುತ್ತ, ತಲೆ ಎತ್ತದೆ. ನಬಿಲಾಲನನ್ನು ಕರೆಸೋಣ ಎಂದವನೂ ಅವನೇ. "ತನ್ನ ದನಿ ತನಗ ಯಾರಿಗೂ ಗೊತ್ತಿರಂಗಿಲ್ಲ. ನಂದ ಫೋನಿನ್ಯಾಗ ಕೇಳಿದ್ರ ನನಗ ಯಾರೋ ಅನಸ್ತೈತಿ. ಆ ಮುದುಕಗ ಹೆಂಗ ತಿಳೀತೈತಿ? ಖುಷಿ ಆಗ್ತಾನ, ಬಿಡು." ಹಾಗೆ ಹೇಳಿದ್ದು ಅವಳ ಮೇಲಿನ ಅಕ್ಕರೆಯಿಂದಲೇ. ಅವಳು ದಿನಗಟ್ಟಲೆ ಊಟ ಬಿಟ್ಟು ಕೂತಿದ್ದನ್ನು ನೋಡಿ ಅವನಿಗೂ ಸಾಕಾಗಿತ್ತು. ಆದರೆ ಅಕ್ಕರೆಯಿಂದ ಹೇಳಿದ ಮಾತೂ ಕೆಲವೊಮ್ಮೆ ಮೈಮೇಲೆ ಕೂದಲು ಬಿದ್ದ ಹಾಗೆ, ಎಲ್ಲಿದೆ ಎಂದು ತಿಳಿಯದೆ ಕಿರಿಕಿರಿ ಮಾಡುತ್ತಲೇ ಇರುತ್ತದೆ.

ಇದಕ್ಕೆಲ್ಲ ಮೂಲವಾದ ಪುಸ್ತಕ ಅವರ ಝೆರಾಕ್ಸ್ ಅಂಗಡಿಯ ಮುಂದೆ ಬಂದದ್ದು ರದ್ದಿಯವನ ಗಾಡಿಯಲ್ಲಿ. ಮುಚ್ಚಿಹೋದ ಯಾವುದೋ ಕಂಪ್ಯೂಟರ್ ಕ್ಲಾಸಿನವರು ಮಾರಿದ ಗಂಟಿನಲ್ಲಿ ಇಟ್ಟಂಗಿಯಷ್ಟು ದಪ್ಪದ ಇಂಗ್ಲಿಷ್ ಪುಸ್ತಕ. ಹಿಂದಿನ ರಟ್ಟಿಗೆ ಅಂಟಿಸಿದ ಸಿ.ಡಿ. ಚೀಲ ಖಾಲಿ. ಚಿತ್ರ, ದನಿ, ಅಕ್ಷರ ಮೂರನ್ನೂ ಒಂದೇ ಪರದೆಯ ಮೇಲೆ ಹೇಗೆ ಕುಣಿಸಬೇಕು ಎಂದು ಕಲಿಸುವ ಮಲ್ಟಿಮೀಡಿಯಾ ಪ್ರೋಗ್ರಾಮಿಂಗ್ ಪುಸ್ತಕ ಅದು. ರದ್ದಿಯವನು ಅದನ್ನು ತಕ್ಕಡಿಗೆ ಹಾಕುವ ಮೊದಲು ಅವಳು ಎತ್ತಿಕೊಂಡಿದ್ದಳು, ಯಾಕೆಂದು ಈಗಲೂ ಹೇಳಲಾರಳು. ಬಹುಶಃ ಮೊದಲ ಪುಟದಲ್ಲಿ ಗುಂಡಿ ಒತ್ತಿದರೆ ಹಕ್ಕಿ ಕೂಗುವ ಚಿತ್ರ ಇದ್ದದ್ದಕ್ಕೆ. ಇಡೀ ದಿನ ಇನ್ನೊಬ್ಬರ ಅರ್ಜಿ ತುಂಬುವ ಕೆಲಸ ಅವಳದು, ಪಹಣಿ, ಜಾತಿ ಪ್ರಮಾಣಪತ್ರ, ಪಿಂಚಣಿ. ಗುಂಡಿ ಒತ್ತಿದರೆ ಯಾವತ್ತೂ ಏನೂ ಕೂಗಿರಲಿಲ್ಲ, ಸರ್ವರ್ ಇಲ್ಲ ಎಂದು ಮಾತ್ರ ಬರುತ್ತಿತ್ತು.

ಅರ್ಜಿ ತುಂಬಿಸಲು ಬಂದವರು ಕೌಂಟರಿನ ಮೇಲಿನ ಆ ದಪ್ಪ ಪುಸ್ತಕ ನೋಡಿ ನಗುತ್ತಿದ್ದರು. "ಅಕ್ಕಾರ, ಈಗ ಯಾರ್ರಿ ಇಂಥಾ ಪುಸ್ತಕ ಓದ್ತಾರ? ವಿಡಿಯೋ ನೋಡ್ರಿ, ಹತ್ತ ನಿಮಿಷಕ್ಕ ಬರ್ತೈತಿ." ಅವಳಿಗೆ ವಿಡಿಯೋದಲ್ಲಿ ಓಡುವ ಮಾತು ಹಿಡಿಯಲು ಬರುತ್ತಿರಲಿಲ್ಲ. ಪುಸ್ತಕ ನಿಲ್ಲುತ್ತದೆ, ಕಾಯುತ್ತದೆ. ಅವಳು ಅದನ್ನು ಓದಿದ್ದು ಚಿಕ್ಕಂದಿನಲ್ಲಿ ಮಸೀದಿಯ ಹಿಂದಿನ ಕೋಣೆಯಲ್ಲಿ ಕುರಾನ್ ಕಲಿತ ರೀತಿಯಲ್ಲೇ. ಅಲ್ಲಿನ ಗುರು ಹಜರತ್ತರು ದಿನಕ್ಕೆ ಒಂದು ಸಬಕ ಕೊಡುತ್ತಿದ್ದರು. ಆ ದಿನದ ಪಾಠ ಒಪ್ಪಿಸಿ, ಅವರು ತಲೆ ಆಡಿಸಿದ ಮೇಲೆಯೇ ಮುಂದಿನ ಪುಟ. ಒಮ್ಮೆ ಆಸೆಗೆ ಮುಂದಿನ ಪುಟ ತಿರುಗಿಸಿ ನೋಡಿದ್ದಕ್ಕೆ ಅಂಗೈ ಮೇಲೆ ಬಿದ್ದ ಬೆತ್ತದ ಏಟು ಅವಳ ಕೈಗೆ ಇನ್ನೂ ನೆನಪಿದೆ. ಮೂವತ್ತೆಂಟನೇ ವಯಸ್ಸಿನಲ್ಲಿ, ಹೊಡೆಯುವವರು ಯಾರೂ ಇಲ್ಲದಿದ್ದರೂ, ಅವಳು ಆ ರದ್ದಿ ಪುಸ್ತಕದ ಮುಂದಿನ ಪುಟ ತಿರುಗಿಸಲಿಲ್ಲ. ಒಂದು ಪುಟ, ಅದರ ಪ್ರತಿ ಸಾಲು ಟೈಪು ಮಾಡುವುದು, ಓಡುವವರೆಗೆ ಅಲ್ಲೇ ಕೂಡುವುದು. ಹಳೆಯ ಪುಸ್ತಕ, ಎಷ್ಟೋ ಸಾಲು ಈಗಿನ ಮಷೀನಿನಲ್ಲಿ ಓಡುತ್ತಲೇ ಇರಲಿಲ್ಲ. ಒಂದು ಪುಟಕ್ಕೆ ಒಂದು ವಾರ ಹಿಡಿದದ್ದೂ ಉಂಟು. ಅಂಚಿನಲ್ಲಿ ಪೆನ್ಸಿಲಿನಿಂದ ತನ್ನ ಅರ್ಥ ಬರೆಯುತ್ತಿದ್ದಳು. ಒಂದೇ ಕೆಲಸವನ್ನು ಸಾಲಾಗಿ ಮಾಡುವ ಲೂಪಿನ ಪಕ್ಕದಲ್ಲಿ ಬರೆದದ್ದು: ತಸಬಿ. ನಮಾಜಿನ ನಂತರ ಎಣಿಸುವ ಮಣಿಮಾಲೆಯ ಹಾಗೆ, ಒಂದೊಂದೇ ಮಣಿ ಮುಂದಕ್ಕೆ.

"ಭಾಬಿ, ತಗ್ಗ ಐತಿ, ಗಟ್ಟಿ ಹಿಡ್ಕೋರಿ," ಎಂದ ನಬಿಲಾಲ. ಅವಳು ಚೀಲವನ್ನು ಎದೆಗೆ ಅವುಚಿಕೊಂಡಳು. ಆಮೇಲೆ ನಾಚಿಕೆಯಾಗಿ ಸಡಿಲಿಸಿದಳು. ಕಾಯುವ ಕಾಲದಲ್ಲಿ ಕಾಯಲಿಲ್ಲ, ಈಗ ಯಾರದನ್ನು ಕಾಯುತ್ತಿದ್ದೇನೆ?

ಬಸಂತರಾಯ ಕಾಕಾ ಅಂಗಡಿಗೆ ಬಂದದ್ದು ಐದು ತಿಂಗಳ ಹಿಂದೆ, ಆಪರೇಷನ್ನಿಗೆ ದವಾಖಾನೆಗೆ ಹೋಗುವ ಹಿಂದಿನ ದಿನ. ಮೂವತ್ತು ವರ್ಷ ಬಸ್ಸಿನ ಕಂಡಕ್ಟರ್ ಆಗಿದ್ದ ಮನುಷ್ಯ. ಇಂಡಿಯಿಂದ ಮುದ್ದೇಬಿಹಾಳದವರೆಗೆ ಅವರ ಕೂಗು ಕೇಳದ ಸ್ಟ್ಯಾಂಡಿಲ್ಲ. ಬಾಗೇವಾಡಿಯ ಸ್ಟ್ಯಾಂಡಿನಲ್ಲಿ ಅವರು "ಸಿಂದಗಿ ಇಂಡೀ, ಸಿಂದಗಿ ಇಂಡೀ" ಎಂದರೆ ಹೋಟೆಲಿನಲ್ಲಿ ಅರ್ಧ ಚಹಾ ಬಿಟ್ಟು ಜನ ಓಡಿ ಬರುತ್ತಿದ್ದರು. ಶಾಲೆಗೆ ಹೋಗುವಾಗ ನಸ್ರೀನಳೂ ಅದೇ ದನಿಗೆ ಓಡಿದ್ದಳು. ತಂಬಾಕು ಆ ಗಂಟಲನ್ನು ತಿಂದಿತ್ತು, ದನಿಪೆಟ್ಟಿಗೆಯನ್ನೇ ತೆಗೆಯಬೇಕು ಎಂದಿದ್ದರು. ಅದನ್ನು ಕೇಳಿದ ದಿನ ಅವಳಿಗೇ ಹೊಳೆದದ್ದು: ಚಿತ್ರ ಒತ್ತಿದರೆ ಹಕ್ಕಿ ಕೂಗುವುದಾದರೆ, ಚಿತ್ರ ಒತ್ತಿದರೆ ಕಾಕಾ ಯಾಕೆ ಮಾತಾಡಬಾರದು? ಹೀಗೆ ಮಾತಾಡಿಸುವ ಆ್ಯಪುಗಳು ಪುಕ್ಕಟೆ ಸಿಗುತ್ತವೆ ಎಂದು ಯಾರೋ ಹೇಳಿದರು. ಅವಳು ಕೇಳಿ ನೋಡಿದಳು, ಅದರಲ್ಲಿ ಯಾವುದೋ ಊರಿನ ಹೆಣ್ಣುಮಗಳು ಮೂಗಿನಿಂದ "ನನಗೆ ನೀರು ಬೇಕಾಗಿದೆ" ಎಂದಳು. ಅದು ಕಾಕಾನ ಬಾಯಿಗೆ ಹೊಂದುವ ಮಾತಾಗಿರಲಿಲ್ಲ. ಅಷ್ಟೇ ಕಾರಣವೇ? ಈ ಹನ್ನೊಂದು ದಿನದಲ್ಲಿ ಅವಳು ಈ ಪ್ರಶ್ನೆಯನ್ನು ಹಲ್ಲು ಸಂದಿಯ ಅಡಿಕೆಚೂರಿನ ಹಾಗೆ ನಾಲಿಗೆಯಿಂದ ತಡವುತ್ತಲೇ ಇದ್ದಾಳೆ. ನಾನು ಮಾಡಿದ್ದು ಅನ್ನುವಂಥದ್ದು ಒಂದು ಬೇಕಾಗಿತ್ತು. ಪುಸ್ತಕಕ್ಕೆ ಒಂದು ಅಭ್ಯಾಸ ಬೇಕಾಗಿತ್ತು, ಒಬ್ಬ ಮನುಷ್ಯನ ಗಂಟಲು ಅಭ್ಯಾಸಕ್ಕೆ ಸಿಕ್ಕಿತ್ತು.

ಅಂದು ಮಧ್ಯಾಹ್ನ ಶಟರ್ ಅರ್ಧ ಎಳೆದು, ಫ್ಯಾನು ಆರಿಸಿ, ಮೈಕು ಮುಂದಿಟ್ಟಿದ್ದಳು. ಕಾಕಾ ತಿಕೀಟು ಕೊಡುವವರ ಹಾಗೆ ಒಂದೊಂದೇ ಮಾತು ಹರಿದು ಕೊಟ್ಟರು. ನೀರ ಕೊಡು. ಚಹಾ ಆತೇನು. ಬ್ಯಾಡ. ಯಾರದು. ಕರೆಂಟ್ ಹೋತು. ಬಾ ಕುಂದ್ರು. ಕೊನೆಗೆ ಸ್ಟ್ಯಾಂಡಿನ ಕೂಗು, ಶಟರ್ ನಡುಗುವ ಹಾಗೆ. ನಲವತ್ತೆರಡನೆಯದು ಅವರ ಹೆಂಡತಿಯ ಫೋಟೋ.

"ಇದಕ್ಕೇನ ಅನ್ಲೆವಾ?"

"ಕಾಕುನ ಹೆಸರ ಅನ್ರಿ."

"ಹೆಸರ?" ಕಾಕಾ ನಕ್ಕರು, ನಗು ಕೆಮ್ಮಾಯಿತು. "ನಲವತ್ತೊಂದ ವರ್ಷ ಆತು. ಏ ಇಲ್ನೋಡ ಅಂದ್ರ ಆಕಿನ ಬರ್ತಾಳ. ಹೆಸರ ಹಿಡದು ಯಾರರ ಕರೀತಾರೇನು?"

"ನಾಳಿಂದ ಏ ಇಲ್ನೋಡ ಅನ್ನಾಕೂ ಆಗಂಗಿಲ್ರಿ ಕಾಕಾ."

ಹಾಗೆ ಹೇಳಬಾರದಿತ್ತು. ಆದರೆ ಹೇಳಿಬಿಟ್ಟಳು. ಕಾಕಾ ಶಟರಿನ ಕೆಳಗೆ ಕಾಣುವ ಬಿಸಿಲಿನ ಪಟ್ಟಿಯನ್ನು ನೋಡುತ್ತ ಕೂತರು. ಕುರ್ಚಿ ಕಿರ್ರೆಂದಿತು. ಒಂದು ಕೆಮ್ಮು. ಆಮೇಲೆ ಅಂದರು. ಅಂದು, ಕಿವಿ ಕೆಂಪಾಗಿ, ತಕ್ಷಣ ಎದ್ದರು. "ಸಾಕ? ಅಳಸ್ಬ್ಯಾಡ ಮತ್ತ. ಇನ್ನೊಮ್ಮಿ ಅನ್ನಾಕ ನನಗ ಆಗೂದಿಲ್ಲ."

ಇದನ್ನು ಅವಳು ಗುಟ್ಟಾಗಿ ಇಡಲಿಲ್ಲ. ದವಾಖಾನೆಯ ವರಾಂಡದಲ್ಲಿ ಲಕ್ಕವ್ವ ಕಾಕುಗೆ ಹೇಳಿದಳು: ನಿಮ್ಮ ಹೆಸರ ಅಂದಾರ್ರಿ. ಲಕ್ಕವ್ವ ಸೆರಗು ಬಾಯಿಗೆ ಒತ್ತಿಕೊಂಡು, "ಹೋಗವಾ, ಸುಳ್ಳ," ಎಂದಿದ್ದಳು. ಅಷ್ಟು ವಯಸ್ಸಾದ ಮುಖದ ಮೇಲೆ ಮದುವಣಗಿತ್ತಿಯೊಬ್ಬಳು ಹಾದುಹೋದಳು. ಅಂದಿನಿಂದ ಸಂತೆಗೆ ಬಂದಾಗೆಲ್ಲ ಅಂಗಡಿಯ ಮುಂದೆ ಒಂದು ಗಳಿಗೆ ನಿಲ್ಲುತ್ತಿದ್ದಳು. "ಆತೇನವಾ ನಿಂದು ಪೆಟಿಗಿ?" ಅವಸರವಿಲ್ಲ ಅನ್ನುವ ಹಾಗೆ, ಕೊತ್ತಂಬರಿಯ ಬೆಲೆ ಕೇಳುವ ಹಾಗೆ.

ಹನ್ನೊಂದು ದಿನದ ಹಿಂದೆ ಪುಟ ಇನ್ನೂರಾ ಹದಿಮೂರು. ಚಿತ್ರ ಒತ್ತಿದ ಮೇಲೆ ದನಿ ಹೊರಡಲು ಒಂದು ಕ್ಷಣ ತಡವಾಗುತ್ತಿತ್ತು, ಪ್ರತಿ ದನಿಯ ಮೊದಲಿಗೂ ಇದ್ದ ಮೌನವನ್ನು ಕತ್ತರಿಸಬೇಕಿತ್ತು. ಕತ್ತರಿಸುವುದು ಹೇಗೆಂದು ಆ ಪುಟದಲ್ಲಿತ್ತು. ಒಂದಕ್ಕೆ ಯಾಕೆ, ನಲವತ್ತೆರಡಕ್ಕೂ ಒಮ್ಮೆಲೇ ಮಾಡೋಣ ಎಂದು ತಾನೇ ತಸಬಿಯ ಲೂಪು ಸೇರಿಸಿದಳು. ಪುಸ್ತಕದಲ್ಲಿ ಇಲ್ಲದ್ದನ್ನು ಸ್ವಂತ ಬುದ್ಧಿಯಿಂದ ಬರೆದದ್ದು ಅದೇ ಮೊದಲು. ಒತ್ತಿದಳು. ಒಂದೇ ಒಂದು ಕೆಂಪು ಅಕ್ಷರ ಬರದೆ ಕಣ್ಣು ಮಿಟುಕಿಸುವಷ್ಟರಲ್ಲಿ ಮುಗಿಯಿತು. ಅವಳು ಸರ್ಫರಾಜನನ್ನು ಕೂಗಿ ಕರೆದಳು, ನೋಡ್ರಿ ಇಲ್ಲೆ, ಒಂದೂ ತಪ್ಪಿಲ್ಲ! ಸಂತೋಷಕ್ಕೆ ಎರಡು ಬಿಸ್ಕೀಟು ಹೆಚ್ಚು ತಿಂದಳು. ಆಮೇಲೆ ನೀರಿನ ಚಿತ್ರ ಒತ್ತಿದಳು. ಏನೂ ಇಲ್ಲ. ಚಹಾ. ಏನೂ ಇಲ್ಲ. ದನಿ ಜೋರು ಮಾಡಿದಳು, ಸ್ಪೀಕರಿನ ತಂತಿ ಕಿತ್ತು ಮತ್ತೆ ಚುಚ್ಚಿದಳು. ಫೈಲುಗಳ ಸಾಲು ತೆರೆದರೆ ನಲವತ್ತೆರಡು ಹೆಸರುಗಳ ಮುಂದೆ ನಲವತ್ತೆರಡು ಸೊನ್ನೆ. ಪಾಠ ಓಡಿತ್ತಲ್ಲ, ಆದ್ದರಿಂದ ನಿಯಮದ ಪ್ರಕಾರ ಅವಳು ಪುಟ ತಿರುಗಿಸಿದಳು. ಇನ್ನೂರಾ ಹದಿನಾಲ್ಕರ ತಲೆಯಲ್ಲೇ, ಗೆರೆ ಹಾಕಿದ ಚೌಕದೊಳಗೆ, ಎತ್ತಿದ ಅಂಗೈಯ ಚಿತ್ರದ ಪಕ್ಕ ಬರೆದಿತ್ತು: ಎಚ್ಚರ. ಬರೆಯಲೆಂದು ತೆರೆದ ಫೈಲು ತೆರೆದ ಕ್ಷಣವೇ ಖಾಲಿಯಾಗುತ್ತದೆ. ನಿಮ್ಮಲ್ಲಿರುವ ಒಂದೇ ಪ್ರತಿಯ ಮೇಲೆ ಇದನ್ನು ಪ್ರಯೋಗಿಸಬೇಡಿ.

ಆ ಅಂಗೈಯನ್ನು ಅವಳು ಎಷ್ಟೋ ಹೊತ್ತು ನೋಡಿದಳು. ಮುಂದಿನ ಪುಟ ನೋಡಿದ್ದಕ್ಕೆ ಏಟು ತಿಂದ ಅಂಗೈ ತನ್ನದು, ನೋಡದೆ ಇದ್ದದ್ದಕ್ಕೆ ಈಗ ಏಟು ತಿಂದವರು ಬೇರೆ. ಮಷೀನನ್ನು ವಿಜಯಪುರಕ್ಕೆ ಒಯ್ದು ತೋರಿಸಿದ್ದಾಯಿತು. ಅಲ್ಲಿಯವನು ಎರಡು ದಿನ ಇಟ್ಟುಕೊಂಡು, "ಇದರ ಮ್ಯಾಲ ಭಾಳ ಕೆಲಸಾ ಮಾಡೀರಿ, ಉಳದಿಲ್ರಿ," ಎಂದು ಕೈ ಚೆಲ್ಲಿದ. ನಬಿಲಾಲ ಬಂದು ನಲವತ್ತೊಂದು ಮಾತುಗಳನ್ನು ಅರ್ಧ ತಾಸಿನಲ್ಲಿ ಆಡಿ ಮುಗಿಸಿದ. ನಡುನಡುವೆ ತಾನೇ ಮೆಚ್ಚಿ ತೊಡೆ ತಟ್ಟಿಕೊಂಡ. ಕೊನೆಯ ಚಿತ್ರಕ್ಕೆ "ಲಕ್ಕವ್ವ ಅಂದ್ಬಿಡ್ತೇನಿ, ಅದರಾಗೇನೈತಿ?" ಎಂದು ಬಾಯಿ ತೆರೆದಾಗ ಅವಳು ಮೈಕನ್ನು ಕಸಿದುಕೊಂಡಳು. "ಬ್ಯಾಡ ಅಂದ್ನೆಲ್ಲ!" ಅಷ್ಟು ಜೋರಾಗಿ ಅಂದದ್ದಕ್ಕೆ ಸರ್ಫರಾಜ ಝೆರಾಕ್ಸ್ ನಿಲ್ಲಿಸಿ ನೋಡಿದ.

ಇಂಗಳೇಶ್ವರ ಬಂತು. ನಬಿಲಾಲ ಬೇವಿನ ಗಿಡದ ನೆರಳಿಗೆ ಆಟೋ ಹಚ್ಚಿ, "ಬಾಗಲಾ ತಗದ ಇಡ್ರಿ ಭಾಬಿ, ನಾನೂ ಕೇಳ್ತೇನಿ," ಎಂದ.

ಕಾಕಾ ಪಡಸಾಲೆಯ ಹೊರಸಿನ ಮೇಲೆ ಇಸ್ತ್ರಿ ಮಾಡಿದ ಅಂಗಿ ಹಾಕಿಕೊಂಡು ಕೂತಿದ್ದರು, ಡ್ಯೂಟಿಗೆ ಹೊರಟವರ ಹಾಗೆ. ಗಂಟಲ ತೂತಿನ ಮೇಲೆ ಬಿಳಿಯ ಬಟ್ಟೆಯ ತುಂಡು, ಉಸಿರಿಗೊಮ್ಮೆ ಮೇಲೆದ್ದು ಕೂರುತ್ತಿತ್ತು. ತೊಡೆಯ ಮೇಲೆ ಮಕ್ಕಳ ಪಾಟಿ, ಕೈಯಲ್ಲಿ ಬಳಪ. ಅವಳನ್ನು ಕಂಡು ಪಾಟಿ ಎತ್ತಿ ಹಿಡಿದರು. ಮೊದಲೇ ಬರೆದಿಟ್ಟಿದ್ದರು: ಬಾ ಕುಂದ್ರು. ಲಕ್ಕವ್ವ ಅದೇ ಪಡಸಾಲೆಯ ಮೂಲೆಯ ಒಲೆಯ ಮುಂದಿಂದ ಸೆರಗಿಗೆ ಕೈ ಒರೆಸುತ್ತ ಬಂದಳು. "ಅಂತೂ ಬಂತಲ್ಲವಾ ನಿನ್ನ ಪೆಟಿಗಿ. ಚಹಾ ಆಮ್ಯಾಲ ಕುಡಿಯೂಣು, ಮೊದಲ ಇದನ್ನ ಹಚ್ಚು."

ನಸ್ರೀನ ಲ್ಯಾಪ್‌ಟಾಪು ತೆರೆದಳು. ಪರದೆಯ ಮೇಲೆ ಆರು ಸಾಲು, ಸಾಲಿಗೆ ಏಳು ಚಿತ್ರ, ಎಲ್ಲ ಅಚ್ಚುಕಟ್ಟು. ಇಷ್ಟು ಅಂದದ ಕೆಲಸ ಇಷ್ಟು ಕೆಟ್ಟದ್ದನ್ನು ಹೊತ್ತು ನಿಲ್ಲಬಲ್ಲದೇ ಎಂದು ಅವಳಿಗೆ ಆ ಹೊತ್ತಿನಲ್ಲೂ ಬೆರಗಾಯಿತು. ಕಾಕಾ ಬೆರಳು ಎತ್ತಿ, ಸ್ವಲ್ಪ ತಡೆದು, ಬಸ್ಸಿನ ಚಿತ್ರ ಒತ್ತಿದರು.

"ಇಂಡೀ ಸಿಂದಗೀ ಮುದ್ದೇಬಿಹಾಳಾ ಬಾಗೇವಾಡೀಽ!" ಎಂದು ಪಡಸಾಲೆ ತುಂಬಿತು. ಹೊರಗೆ ನಬಿಲಾಲ ಖುಷಿಗೆ ಒಮ್ಮೆ ಹಾರ್ನ್ ಒತ್ತಿದ.

ಲಕ್ಕವ್ವಳ ಮುಖ ನೋಡಬಾರದು ಎಂದುಕೊಂಡೇ ನಸ್ರೀನ ನೋಡಿದಳು. ಲಕ್ಕವ್ವಳಿಗೆ ತಿಳಿದುಹೋಗಿತ್ತು, ಮೊದಲ ಊರಿನ ಹೆಸರು ಮುಗಿಯುವ ಮೊದಲೇ. ಕಾಕಾ ಪಾಟಿಯ ಮೇಲೆ ಬರೆದು ಹೆಂಡತಿಗೆ ತೋರಿಸಿದರು. ಲಕ್ಕವ್ವಳಿಗೆ ಓದು ಬಾರದು, ನಸ್ರೀನಳೇ ಓದಿ ಹೇಳಬೇಕಾಯಿತು. "ನನ್ನ ದನಿ ಹಿಂಗಿತ್ತೇನು, ಅಂತ ಕೇಳ್ತಾರ್ರಿ."

ಲಕ್ಕವ್ವ ನಸ್ರೀನಳನ್ನು ನೋಡಿದಳು. ಸಿಟ್ಟಿನ ನೋಟವಾಗಿದ್ದರೆ ತಡೆದುಕೊಳ್ಳಬಹುದಿತ್ತು. ಆಮೇಲೆ ಗಂಡನ ಕಡೆ ತಿರುಗಿ, "ಹೂಂ ರಿ. ಹಿಂಗ ಇತ್ತು. ಥೇಟ್ ಹಿಂಗ," ಎಂದಳು.

ಈಗ ಸುಳ್ಳು ಇಬ್ಬರದಾಯಿತು. ನಲವತ್ತೊಂದು ವರ್ಷ ಸಂಸಾರ ಮಾಡಿದವಳ ಬಾಯಿಂದಲೂ ಅದನ್ನು ಹೇಳಿಸಿಬಿಟ್ಟೆ. ಕಾಕಾ ಮತ್ತೆ ಒತ್ತಿದರು. ಕಣ್ಣು ಮುಚ್ಚಿ ಕೇಳಿದರು. ಮೂರನೇ ಸಲ ಒತ್ತಿದಾಗ ಅವರ ಹುಬ್ಬು ಗಂಟಾಯಿತು. ಕಂಡಕ್ಟರ್ ಆಗಿದ್ದಾಗ, ತಪ್ಪು ತಿಕೀಟು ಹಿಡಿದವನ ಮುಂದೆ ನಿಂತಾಗ ಆಗುತ್ತಿದ್ದ ಹಾಗೆ. ಅಂಗಿಯ ತೋಳಿನಿಂದ ಪಾಟಿ ಒರೆಸಿ, ನಿಧಾನವಾಗಿ ಬರೆದು, ನಸ್ರೀನಳ ಕಡೆ ತಿರುಗಿಸಿದರು.

ಈ ಬಸ್ಸು ಎಲ್ಲಿಗೆ ಹೊಂಟೈತಿ?

ಅವಳಿಗೆ ಮೊದಲು ತಿಳಿಯಲಿಲ್ಲ. ಆಮೇಲೆ ಒಮ್ಮೆಲೇ ತಿಳಿಯಿತು. ಬಾಗೇವಾಡಿಯಲ್ಲಿ ನಿಂತರೆ ಇಂಡಿ ಒಂದು ದಿಕ್ಕು, ಮುದ್ದೇಬಿಹಾಳ ಇನ್ನೊಂದು ದಿಕ್ಕು. ಎರಡೂ ಊರಿನ ಜನರನ್ನು ಒಂದೇ ಬಸ್ಸಿಗೆ ಕರೆಯುವ ಕಂಡಕ್ಟರ್ ಈ ಭೂಮಿಯ ಮೇಲಿಲ್ಲ. ನಿಂತ ಊರಿನ ಹೆಸರನ್ನೂ ಕೂಗುವವನಂತೂ ಇಲ್ಲವೇ ಇಲ್ಲ. ಹುಡುಗಾಟಕ್ಕೆ ಅಣಕಿಸುವವನು ಮಾತ್ರ ಗೊತ್ತಿದ್ದ ಊರುಗಳನ್ನೆಲ್ಲ ಒಂದೇ ಉಸಿರಿಗೆ ಪೋಣಿಸುತ್ತಾನೆ. ಕಾಕಾನಿಗೆ ತನ್ನ ದನಿ ಗೊತ್ತಿರಲಿಲ್ಲ, ಸರ್ಫರಾಜ ಹೇಳಿದ್ದು ಖರೆ. ಆದರೆ ತನ್ನ ದಾರಿ ಗೊತ್ತಿತ್ತು.

"ಇದು ನಿಮ್ಮದಲ್ರಿ ಕಾಕಾ," ಎಂದಳು. ಹೇಳಲು ಇಷ್ಟೇ ಇತ್ತು, ಹನ್ನೊಂದು ದಿನ ಹಿಡಿದಿತ್ತು. "ನಿಮ್ಮದ ನನ್ನ ಕೈಲೆ ಅಳಸಿ ಹೋತು. ಆಟೋದ ನಬಿಲಾಲನ ಕಡಿಂದ ಅನಿಸೇನಿ."

ಬಳಪ ಪಾಟಿಯ ಮೇಲೆ ಬರೆಯಿತು: ಎಲ್ಲಾ?

"ಎಲ್ಲಾ ರಿ. ನಲವತ್ತೆರಡೂ."

ಕಾಕಾ ಬಳಪ ಕೆಳಗಿಟ್ಟರು. ಗಂಟಲ ಬಟ್ಟೆ ಜೋರಾಗಿ ಮೇಲೆದ್ದು ಕೂತಿತು. ಭುಜಗಳು ಅಲುಗಿದವು. ನಗುತ್ತಿದ್ದಾರೋ ಅಳುತ್ತಿದ್ದಾರೋ, ದನಿಯಿಲ್ಲದೆ ಅದನ್ನು ತಿಳಿಯಲು ಬರಲಿಲ್ಲ. ಅವಳಿಗೆ ಓಡಬೇಕು ಅನ್ನಿಸಿತು, ಲ್ಯಾಪ್‌ಟಾಪನ್ನು ಅಲ್ಲೇ ಬಿಟ್ಟು, ಹೊಲದ ಕೂಳೆ ತುಳಿಯುತ್ತ. ಲಕ್ಕವ್ವ ಅವಳ ಪಕ್ಕಕ್ಕೆ ಬಂದು ಕುಳಿತಳು. ಪರದೆಯ ಕೊನೆಯ ಮೂಲೆಯಲ್ಲಿ ತನ್ನ ಫೋಟೋ ಇರುವುದನ್ನು ಅವಳು ಆಗಲೇ ನೋಡಿಟ್ಟಿದ್ದಳು. ಹಿಟ್ಟಿನ ಬೆರಳಿನಿಂದ ಅದನ್ನು ಒತ್ತಿದಳು. ಏನೂ ಬರಲಿಲ್ಲ. ಮತ್ತೊಮ್ಮೆ ಒತ್ತಿದಳು.

"ಇದಕ್ಕ ಆ ಆಟೋದಾಂವ ಅಂದಿಲ್ಲೇನು?"

"ಇಲ್ರಿ ಕಾಕು. ಇದಕ್ಕ ಯಾರ ಕಡಿಂದೂ ಅನಿಸಿಲ್ಲ."

"ಚಲೋ ಮಾಡಿದಿ." ಲಕ್ಕವ್ವ ಎದ್ದು ಹೋಗಿ ಒಲೆಯ ಮುಂದೆ, ಇವರಿಗೆ ಬೆನ್ನು ಮಾಡಿ ಕೂತಳು. "ಅವತ್ತ ಅವ್ರು ನನ್ನ ಹೆಸರ ಅಂದದ್ದ ನೀ ಕೇಳಿದಿಯಲ್ಲ?"

"ಹೂಂ ರಿ."

"ನೀ ಒಬ್ಬಾಕಿನ ಕೇಳಿದಿ. ಹೆಂಗ ಅಂದ್ರು, ಹಂಗ ಅನ್ನು."

ನಸ್ರೀನ ಕಾಕಾನ ಕಡೆ ನೋಡಿದಳು. ಅವರು ಗೋಡೆ ನೋಡುತ್ತಿದ್ದರು, ಕಿವಿ ಅಂದಿನ ಹಾಗೆಯೇ ಕೆಂಪು. ಅವಳು ಗಂಟಲು ಸರಿಮಾಡಿಕೊಂಡು, "ಲಕ್ಕವ್ವ," ಎಂದಳು.

"ಹಂಗ ತಹಶೀಲ್ದಾರ ಆಫೀಸಿನ್ಯಾಗ ಕರೀತಾರ," ಎಂದಳು ಲಕ್ಕವ್ವ, ಬೆನ್ನು ತಿರುಗಿಸದೆ.

ನಸ್ರೀನ ಕಣ್ಣು ಮುಚ್ಚಿದಳು. ಹಜರತ್ತರ ಮುಂದೆ ಸಬಕ ಒಪ್ಪಿಸುವಾಗ ಮಾಡುತ್ತಿದ್ದ ಹಾಗೆ ಮೊದಲಿಂದ ಹಿಡಿದಳು, ಒಂದನ್ನೂ ಬಿಡದೆ, ಒಂದನ್ನೂ ಹಾರದೆ. ಶಟರಿನ ಕೆಳಗಿನ ಬಿಸಿಲು. ಕುರ್ಚಿ ಕಿರ್ರೆಂದದ್ದು. ತಾನು ಕತ್ತರಿಸಿ ಎಸೆಯಬೇಕೆಂದಿದ್ದ ಆ ಮೌನ, ಅದು ಎಷ್ಟು ಉದ್ದವಿತ್ತು ಎಂದು ಈಗ ತಿಳಿಯಿತು. ಅಷ್ಟೂ ಹೊತ್ತು ಸುಮ್ಮನಿದ್ದಳು. ಒಂದು ಕೆಮ್ಮು ಕೆಮ್ಮಿದಳು. "ಲಕ್ಕ..." ಎಂದು ತಡೆದಳು. ಬಸ್ಸು ಬಿಟ್ಟಾಗಿದೆ, ಆದರೂ ರಸ್ತೆಯ ಆಚೆ ಯಾರೋ ಕಂಡು ಕಂಡಕ್ಟರ್ ಕೂಗಿದಂತೆ, ಹೆಸರಿನ ಉಳಿದದ್ದು ಮೇಲೆದ್ದು ಬಂತು. "...ವ್ವಾ." ಅಲ್ಲಿಗೆ ನಿಲ್ಲಿಸಬಹುದಿತ್ತು. ಆದರೆ ಪಾಠ ಅಲ್ಲಿಗೆ ಮುಗಿದಿರಲಿಲ್ಲ, ಅವಳ ಬಾಯಿ ತಾನಾಗಿ ಮುಂದಿನದನ್ನೂ ಒಪ್ಪಿಸಿತು. "ಸಾಕ? ಅಳಸ್ಬ್ಯಾಡ ಮತ್ತ. ಇನ್ನೊಮ್ಮಿ ಅನ್ನಾಕ ನನಗ ಆಗೂದಿಲ್ಲ."

ಕಣ್ಣು ತೆರೆದಾಗ ಕಾಕಾ ಗೋಡೆ ಬಿಟ್ಟು ಹೆಂಡತಿಯ ಬೆನ್ನು ನೋಡುತ್ತಿದ್ದರು. ಪಾಟಿ ತೊಡೆಯಿಂದ ಜಾರಿ ಹೊರಸಿನ ಮೇಲೆ ಬೋರಲಾಗಿತ್ತು.

ಒಲೆಯ ಮೇಲಿನ ಚಹಾ ಉಕ್ಕಿ ಚುಂಯ್ ಎಂದಿತು. ಲಕ್ಕವ್ವ ಪಾತ್ರೆ ಇಳಿಸಲಿಲ್ಲ. ಒಂದು ಗಳಿಗೆ ಬಿಟ್ಟು, ಹಿತ್ತಲಿನಲ್ಲಿ ಏನೋ ಕೆಲಸದಲ್ಲಿದ್ದವಳನ್ನು ಯಾರೋ ಕರೆದರೆ ಅನ್ನುವ ಹಾಗೆ, "ಓ," ಎಂದಳು.